ನಿಮಗಿದು ಗೊತ್ತೆ? ಹುಬ್ಬಳ್ಳಿಯ ಉಮಾಬಾಯಿ ಕಟ್ಟಿದ ಪಡೆ

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ಅಲ್ಲಿ ದುಡಿದ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕಲೆಹಾಕಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಹಿಂದಿನ ವರ್ಷವಷ್ಟೇ ಪತಿಯನ್ನು ಕಳೆದುಕೊಂಡಿದ್ದರು. ವಿಧವೆ ಹೊಸ್ತಿಲು ದಾಟುವುದೇ ತಪ್ಪೆನ್ನುತ್ತಿದ್ದ ಕಾಲದಲ್ಲಿ ಊರೂರು ತಿರುಗಿ, ತಮ್ಮಂಥ ವಿಧವೆಯರನ್ನೂ ಒಪ್ಪಿಸಿ ಕರೆತಂದರು. ಎಂಥ ಎದೆಗಾರಿಕೆ!

ಕವಾಯತು, ಶಿಸ್ತಿಗೆ ಹೆಸರಾದ ಡಾ. ನಾ.ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗಕ್ಕೆ ಇವರೇ ಮುಖ್ಯಸ್ಥೆ. ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯನ್ನೂ ನಡೆಸಿದರು. 1932ರಲ್ಲಿ ಯರವಡಾ ಜೈಲು ಕಂಡರು. 1946ರಲ್ಲಿ ಗಾಂಧೀಜಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಇವರಿಗೆ ವಹಿಸಿದರು.

ಸ್ವಾತಂತ್ರ್ಯಾನಂತರ ಪ್ರಶಸ್ತಿ, ಪಿಂಚಣಿ ಎರಡನ್ನೂ ನಿರಾಕರಿಸಿದ ಉಮಾಬಾಯಿ 1992ರಲ್ಲಿ ತೀರಿಕೊಂಡರು. ಹುಬ್ಬಳ್ಳಿ-ಧಾರವಾಡ ಅವಳಿನಗರದ ಶಾಲೆಗಳು ಈ ಹೆಸರನ್ನು ಮಕ್ಕಳಿಗೆ ಹೇಳಿಕೊಡಲಿ.