ಕೀಲಿಯ ಆಯ್ಕೆ ಮತ್ತು ಪದದ ಅನನ್ಯತೆ: ಕನ್ನಡ ದತ್ತಾಂಶವನ್ನು ಗುಂಪಿಸುವ ಒಂದು ಜಾವಾಸ್ಕ್ರಿಪ್ಟ್ ಉಪಕರಣದ ವಿವೇಚನೆ

ಪಠ್ಯಸಂಚಯವೊಂದರಿಂದ ಪದಗಳ ಆವೃತ್ತಿಪಟ್ಟಿಯನ್ನು ಸಿದ್ಧಪಡಿಸುವಾಗ ಪ್ರಸ್ತುತ ಲೇಖಕನಿಗೆ ಎದುರಾದ ಒಂದು ತೊಡಕು ಈ ಬರಹಕ್ಕೆ ನಿಮಿತ್ತವಾಗಿದೆ. ಪಟ್ಟಿಯಲ್ಲಿ ‘ಕೊಡು’ ಎಂಬ ಧಾತು ಎರಡು ಬಾರಿ, ಒಂದರ ಕೆಳಗೊಂದು, ಬೇರೆ ಬೇರೆ ಆವೃತ್ತಿಸಂಖ್ಯೆಗಳೊಡನೆ ಮುದ್ರಿತವಾಗಿತ್ತು. ಎರಡು ರೂಪಗಳಿಗೂ ಕಣ್ಣಿಗೆ ಕಾಣುವ ಯಾವ ಭೇದವೂ ಇರಲಿಲ್ಲ. ದೋಷವು ದತ್ತಾಂಶದಲ್ಲಿದೆಯೋ, ಉಪಕರಣದಲ್ಲಿದೆಯೋ ಎಂದು ಹುಡುಕುತ್ತ ಹೋದಾಗ, ಅದು ಎರಡರಲ್ಲೂ ಇರದೆ, ‘ಒಂದೇ ಪದ’ ಎಂದರೇನು ಎಂಬ ಪ್ರಶ್ನೆಯನ್ನು ಉತ್ತರಿಸದೆ ಬಿಟ್ಟದ್ದರಲ್ಲಿದೆ ಎಂಬುದು ಸ್ಪಷ್ಟವಾಯಿತು.

ಉಪಕರಣವು ಅತ್ಯಂತ ಚಿಕ್ಕದು. ಪ್ರತಿಯೊಂದು ಪದಪ್ರಯೋಗವೂ ಒಂದು ಆಬ್ಜೆಕ್ಟ್ ಆಗಿದ್ದು, ಅಂಥ ಆಬ್ಜೆಕ್ಟ್‌ಗಳ ಅರೇಯೊಂದನ್ನು ಅದಕ್ಕೆ ಒಪ್ಪಿಸಲಾಗುತ್ತದೆ:

[ { ರೂಪ: "ಕೊಟ್ಟನು", ಮೂಲ: "ಕೊಡು", ವರ್ಗ: "ಕ್ರಿಯಾ" },
{ ರೂಪ: "ಹತ್ತಿದಳು", ಮೂಲ: "ಹತ್ತು", ವರ್ಗ: "ಕ್ರಿಯಾ" },
{ ರೂಪ: "ಹತ್ತು", ಮೂಲ: "ಹತ್ತು", ವರ್ಗ: "ಸಂಖ್ಯಾ" } ]

ಇದು ವಿವರಣೆಗಾಗಿ ಕನ್ನಡಿಸಿದ ರೂಪವಲ್ಲ. ಹೀಗೆಯೇ ಬರೆದರೂ ಜಾವಾಸ್ಕ್ರಿಪ್ಟ್ ಸ್ವೀಕರಿಸುತ್ತದೆ. ಗುಣಗಳ ಹೆಸರುಗಳು ರೋಮನ್ ಲಿಪಿಯಲ್ಲೇ ಇರಬೇಕೆಂಬ ನಿರ್ಬಂಧ ಆ ಭಾಷೆಯಲ್ಲಿಲ್ಲ. ಅರೇಯೊಡನೆ ಒಂದು ಕೀಲಿ-ಫಂಕ್ಷನ್ನನ್ನೂ ಕೊಡಬೇಕು. ಉದಾಹರಣೆಗೆ, ಉ => ಉ.ಮೂಲ ಎಂಬುದು ಪ್ರತಿಯೊಂದು ಉಲ್ಲೇಖದಿಂದ ಅದರ ಮೂಲರೂಪವನ್ನು ತೆಗೆದುಕೊಡುತ್ತದೆ. ಒಂದೇ ಕೀಲಿ ಪಡೆದ ಉಲ್ಲೇಖಗಳನ್ನೆಲ್ಲ ಉಪಕರಣವು ಒಂದೆಡೆ ಕೂಡಿಸುತ್ತದೆ. ಹಿಂದೆ ಇದನ್ನು ನಾಲ್ಕೈದು ಸಾಲುಗಳಲ್ಲಿ ಕೈಯಿಂದ ಬರೆಯಬೇಕಿತ್ತು, ಇಲ್ಲವೇ ಲೋಡ್ಯಾಶ್‌ನಂಥ ಸಂಗ್ರಹದಿಂದ ಎರವಲು ಪಡೆಯಬೇಕಿತ್ತು. 2024ರ ಎಕ್ಮಾಸ್ಕ್ರಿಪ್ಟ್ ಮಾನಕದಿಂದೀಚೆಗೆ ಗ್ರೂಪ್‌ಬೈ ಎಂಬ ಹೆಸರಿನಲ್ಲಿ ಭಾಷೆಯಲ್ಲೇ ಒದಗಿಸಲಾಗಿದೆ. (ಅದನ್ನು ಅರೇಯ ಸ್ವಂತ ವಿಧಾನವನ್ನಾಗಿಸುವುದು ಮೊದಲ ಯೋಜನೆಯಾಗಿತ್ತು. ಹಳೆಯ ಸಂಗ್ರಹವೊಂದು ಅದೇ ಹೆಸರನ್ನು ಬೇರೆ ರೀತಿಯಲ್ಲಿ ಬಳಸಿದ್ದರಿಂದ ಆ ಯೋಜನೆಯನ್ನು ಕೈಬಿಡಬೇಕಾಯಿತು. ಕೃತಕಭಾಷೆಗಳಿಗೂ ಸಮಾನಪದಗಳ ಸಂಘರ್ಷ ತಪ್ಪಿದ್ದಲ್ಲ.)

ಕೀಲಿಗಳ ಸಮಾನತೆಯನ್ನು ಯಂತ್ರವು ನಿರ್ಣಯಿಸುವ ಬಗೆ ಇಲ್ಲಿ ಮುಖ್ಯವಾಗುತ್ತದೆ. ಎರಡು ಅಕ್ಷರಸರಣಿಗಳು ಸಂಕೇತಕ್ಕೆ ಸಂಕೇತ ಹೊಂದಿಕೊಂಡರೆ ಮಾತ್ರ ಅವು ಸಮಾನ. ಯೂನಿಕೋಡ್‌ನಲ್ಲಿ ‘ಕೊ’ ಎಂಬುದನ್ನು ಕಕಾರ ಮತ್ತು ಒಕಾರಚಿಹ್ನೆ ಎಂಬ ಎರಡು ಸಂಕೇತಗಳಲ್ಲಿ ಬರೆಯಬಹುದು. ಕಕಾರ, ಎಕಾರಚಿಹ್ನೆ, ಊಕಾರಚಿಹ್ನೆ ಎಂಬ ಮೂರು ಸಂಕೇತಗಳಲ್ಲಿಯೂ ಬರೆಯಬಹುದು. ‘ಕೋ’ ಎಂಬುದಕ್ಕೆ ದೀರ್ಘಚಿಹ್ನೆಯೂ ಸೇರಿ ಸಂಕೇತಗಳು ನಾಲ್ಕಾಗಬಹುದು. ಕೀ, ಕೇ, ಕೈ ಮೊದಲಾದವಕ್ಕೂ ಇಂಥ ದ್ವಿವಿಧ ಲೇಖನವಿದೆ. ಯೂನಿಕೋಡ್ ಮಾನಕವು ಇವನ್ನು ಸಮಾನವೆಂದೇ ಘೋಷಿಸುತ್ತದೆ, ಆದರೆ ಗುಂಪಿಸುವ ಉಪಕರಣವು ಆ ಘೋಷಣೆಯನ್ನು ಅರಿಯದು. ನಮ್ಮ ಎರಡು ‘ಕೊಡು’ಗಳು ಎರಡು ಮೂಲಗಳಿಂದ, ಎರಡು ವಿಧದಲ್ಲಿ ಸಂಕೇತಿತವಾಗಿ ಬಂದಿದ್ದವು.

ಅದೇ ಭಾಷೆಯ ಮತ್ತೊಂದು ಅಂಗವಾದ ಇಂಟಲ್ ಕೊಲೇಟರ್, ಅಂದರೆ ಅಕಾರಾದಿಯಾಗಿ ವಿಂಗಡಿಸುವ ಸಾಧನ, ಈ ಎರಡು ಲೇಖನಗಳನ್ನು ಹೋಲಿಸಿದಾಗ ಸಮಾನವೆಂದೇ ಹೇಳುವುದು ಹೆಚ್ಚು ಕುತೂಹಲಕರ. ಹಾಗೆ ಹೇಳಬೇಕೆಂಬುದು ಅದರ ಮಾನಕದ ವಿಧಿ. ಹೀಗಾಗಿ ಗುಂಪಿಸುವ ಸಾಧನಕ್ಕೆ ಎರಡು ಪದಗಳಾದದ್ದು ವಿಂಗಡಿಸುವ ಸಾಧನಕ್ಕೆ ಒಂದೇ ಪದ. ನಮ್ಮ ಪಟ್ಟಿಯಲ್ಲಿ ಅವು ಒಂದರ ಕೆಳಗೊಂದು ನಿಂತದ್ದು ಈ ಭಿನ್ನಮತದ ಫಲ. ಕೀಲಿ-ಫಂಕ್ಷನ್ನಿನೊಳಗೆ ನಾರ್ಮಲೈಜ್ ವಿಧಾನವನ್ನು ಒಮ್ಮೆ ಅನ್ವಯಿಸಿದರೆ ಎರಡೂ ಸಂಯೋಜಿತ ರೂಪಕ್ಕೆ ಬಂದು ಈ ತೊಡಕು ಪರಿಹಾರವಾಗುತ್ತದೆ.

ಆದರೆ ಎಲ್ಲ ಭೇದಗಳೂ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ‘ಸಾಫ್ಟ್‌ವೇರ್’ ಮತ್ತು ‘ಸಾಫ್ಟ್ವೇರ್’ ಇವುಗಳ ನಡುವಿನ ವ್ಯತ್ಯಾಸ ಒಂದು ಅದೃಶ್ಯ ಸಂಕೇತ ಮಾತ್ರ. ಒತ್ತಕ್ಷರ ಕೂಡದಂತೆ ತಡೆಯುವುದು ಅದರ ಕೆಲಸ. ನಾರ್ಮಲೈಜ್ ಅದನ್ನು ತೆಗೆಯುವುದಿಲ್ಲ, ತೆಗೆಯಬೇಕಾದ್ದೂ ಇಲ್ಲ, ಏಕೆಂದರೆ ಬರಹದಲ್ಲಿ ಅದರ ಪರಿಣಾಮ ಕಾಣುತ್ತದೆ. ಧ್ವನಿಯ ದೃಷ್ಟಿಯಿಂದ ಎರಡೂ ಒಂದೇ, ಲಿಪಿವಿನ್ಯಾಸದ ದೃಷ್ಟಿಯಿಂದ ಬೇರೆ. ಶಬ್ದಾವೃತ್ತಿಯನ್ನು ಎಣಿಸುವವರು ಕೀಲಿಯಲ್ಲಿ ಅದನ್ನು ಕಳೆಯಬೇಕು, ಕಾಗುಣಿತದ ವೈವಿಧ್ಯವನ್ನು ಅಧ್ಯಯನ ಮಾಡುವವರು ಉಳಿಸಿಕೊಳ್ಳಬೇಕು. ಎರಡೂ ಪಕ್ಷದಲ್ಲಿ ‘ರೂಪ’ ಎಂಬ ಗುಣವನ್ನು ಮಾತ್ರ ಮುಟ್ಟಬಾರದು. ಕೀಲಿ ಎಂಬುದು ಉಲ್ಲೇಖದಿಂದ ಪಡೆದ ಒಂದು ವಿಶ್ಲೇಷಣೆ. ಅದು ಉಲ್ಲೇಖದ ತಿದ್ದುಪಡಿಯಾಗತಕ್ಕದ್ದಲ್ಲ.

ಸಮಾನರೂಪದ ಭಿನ್ನಪದಗಳು ಇದಕ್ಕೆ ವಿರುದ್ಧವಾದ ಸಮಸ್ಯೆಯನ್ನು ಒಡ್ಡುತ್ತವೆ. ಮೇಲಿನ ಉದಾಹರಣೆಯಲ್ಲಿ ಸಂಖ್ಯಾವಾಚಿ ‘ಹತ್ತು’ ಮತ್ತು ಏರುವುದೆಂಬ ಅರ್ಥದ ‘ಹತ್ತು’ ಒಂದೇ ಗುಂಪಿಗೆ ಸೇರುತ್ತವೆ. ಗುಂಪಿಸುವಾಗ ಇದು ಕೇವಲ ಗೊಂದಲ, ಎರಡೂ ಉಲ್ಲೇಖಗಳು ಉಳಿದಿರುತ್ತವೆ. ಆದರೆ ಕೀಬೈ ಎಂಬ ಹೆಸರಿನಲ್ಲಿ ಬಳಕೆಯಲ್ಲಿರುವ ಸೋದರ ಉಪಕರಣವು ಪ್ರತಿ ಕೀಲಿಗೆ ಒಂದೇ ಉಲ್ಲೇಖವನ್ನು ಇರಿಸುತ್ತದೆ. ಎರಡನೆಯದು ಬಂದಾಗ ಮೊದಲನೆಯದು ಸದ್ದಿಲ್ಲದೆ ಅಳಿಸಿಹೋಗುತ್ತದೆ, ಯಾವ ಎಚ್ಚರಿಕೆಯೂ ತೋರುವುದಿಲ್ಲ. ಪದಕೋಶದ ದತ್ತಾಂಶಕ್ಕೆ ಇದನ್ನು ಬಳಸುವವರು ಫಲಿತಾಂಶದಲ್ಲಿರುವ ಉಲ್ಲೇಖಗಳ ಸಂಖ್ಯೆಯನ್ನು ಮೂಲದ ಸಂಖ್ಯೆಯೊಡನೆ ಹೋಲಿಸಿ ನೋಡುವುದು ಅತ್ಯಗತ್ಯ.

ಮೂಲವನ್ನೂ ವರ್ಗವನ್ನೂ ಕೂಡಿಸಿ ಕೀಲಿ ಮಾಡಿದರೆ ‘ಹತ್ತು’ ಬಗೆಹರಿಯುತ್ತದೆ. ಆ ಎರಡನ್ನೂ ಒಂದು ಅಕ್ಷರಸರಣಿಯಾಗಿ ಜೋಡಿಸಬೇಕೆಂಬುದನ್ನು ಮರೆಯಬಾರದು. ಎರಡು ಗುಣಗಳುಳ್ಳ ಆಬ್ಜೆಕ್ಟನ್ನೇ ಮ್ಯಾಪ್‌ನ ಕೀಲಿಯನ್ನಾಗಿ ಕೊಟ್ಟರೆ ಒಂದು ಗುಂಪೂ ಕೂಡುವುದಿಲ್ಲ. ಒಂದೇ ಗುಣ, ಒಂದೇ ಮೌಲ್ಯವಿರುವ ಎರಡು ಆಬ್ಜೆಕ್ಟ್‌ಗಳನ್ನು ಜಾವಾಸ್ಕ್ರಿಪ್ಟ್ ಒಂದೆಂದು ಬಗೆಯುವುದಿಲ್ಲ. ಎಚ್‌ಪಿಎಸ್‌ಜಿ ವ್ಯಾಕರಣದಲ್ಲಿ ರಚನಾಸಾಮ್ಯಕ್ಕೂ ವ್ಯಕ್ತಿಗತ ಅಭೇದಕ್ಕೂ ಮಾಡುವ ವ್ಯತ್ಯಾಸವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಹಳಗನ್ನಡದ ದತ್ತಾಂಶವು ಈ ಪರಿಹಾರವನ್ನೂ ಮೀರುತ್ತದೆ. ಜೀವಿಸುವುದೆಂಬ ಅರ್ಥದ ‘ಬಾೞ್’ ಮತ್ತು ಖಡ್ಗವಾಚಿ ‘ಬಾಳ್’ ಹೊಸಗನ್ನಡದಲ್ಲಿ ‘ಬಾಳು’ ಎಂದು ಒಂದಾದವು. ಜೀವನವೆಂಬ ಅರ್ಥದಲ್ಲಿ ಮೊದಲನೆಯದೂ ನಾಮಪದವೇ ಆದ್ದರಿಂದ ವರ್ಗವು ಅವನ್ನು ಬಿಡಿಸಲಾರದು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಱಕಾರ ಲೋಪವಾದ ಮೇಲೆ ಅವೂ ಹಾಗೆಯೇ ಬೆರೆತವು. ಪ್ರಾಚೀನ ಮತ್ತು ಆಧುನಿಕ ಪಠ್ಯಗಳನ್ನು ಒಟ್ಟಿಗೆ ಇರಿಸಿ, ಕೀಲಿಯಲ್ಲಿ ೞಕಾರವನ್ನು ಳಕಾರಕ್ಕೆ ತಿರುಗಿಸಿದರೆ ‘ಮೞೆ’ ಮತ್ತು ‘ಮಳೆ’ ಸರಿಯಾಗಿಯೇ ಕೂಡುತ್ತವೆ, ‘ಬಾೞ್’ ಮತ್ತು ‘ಬಾಳ್’ ತಪ್ಪಾಗಿ ಕೂಡುತ್ತವೆ. ಪಕಾರ-ಹಕಾರಗಳ ವಿಷಯವೂ ಇಂಥದೇ. ‘ಪಾಲ್’ ಮತ್ತು ‘ಹಾಲು’ ಒಂದೇ ಪದದ ಎರಡು ಅವಸ್ಥೆಗಳು. ಆದರೆ ‘ಹಸ್ತ’ದ ಹಕಾರವು ಪಕಾರದಿಂದ ಬಂದುದಲ್ಲ. ಇಲ್ಲಿ ಕೀಲಿಯನ್ನು ಅಕ್ಷರಗಳಿಂದ ಗಣಿಸುವುದು ಸಾಧ್ಯವೇ ಇಲ್ಲ. ವ್ಯುತ್ಪತ್ತಿಯನ್ನು ನಿರ್ಧರಿಸಿದ ವಿದ್ವಾಂಸರು ಪ್ರತಿ ಉಲ್ಲೇಖಕ್ಕೂ ಒಂದು ‘ಪದಸಂಖ್ಯೆ’ಯನ್ನು ಕೊಟ್ಟಿರಬೇಕು, ಉಪಕರಣವು ಅದನ್ನು ಓದಬೇಕು, ಅಷ್ಟೆ.

ಆ ಪದಸಂಖ್ಯೆಯ ಬಗ್ಗೆಯೂ ಒಂದು ಮಾತು. ಗುಂಪುಗಳನ್ನು ಸಾಮಾನ್ಯ ಆಬ್ಜೆಕ್ಟ್‌ನಲ್ಲಿ ಪಡೆದಾಗ 450, 1894 ಎಂಬಂಥ ಪೂರ್ಣಾಂಕದ ಕೀಲಿಗಳು ದತ್ತಾಂಶದಲ್ಲಿ ಬಂದ ಕ್ರಮವನ್ನು ಬಿಟ್ಟು ಏರಿಕೆಯ ಕ್ರಮದಲ್ಲಿ ಮೊದಲು ನಿಲ್ಲುತ್ತವೆ. ಅದೇ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ‘೪೫೦’ ಎಂದು ಬರೆದರೆ ಯಂತ್ರಕ್ಕೆ ಅದು ಸಂಖ್ಯೆಯಲ್ಲ, ಬರಿಯ ಪದ; ಬಂದ ಸ್ಥಾನದಲ್ಲೇ ಇರುತ್ತದೆ. ಶಾಸನಗಳನ್ನು ಪ್ರಕಟಿತ ಸಂಪುಟದ ಕ್ರಮದಲ್ಲೇ ಇರಿಸಬಯಸುವವರು ಮ್ಯಾಪ್ ರೂಪದ ಫಲಿತಾಂಶವನ್ನು ಆರಿಸಿಕೊಳ್ಳುವುದು ಕ್ಷೇಮ.

ಗುಂಪುಗಳನ್ನು ಅಕಾರಾದಿಯಾಗಿ ಜೋಡಿಸುವಲ್ಲಿ ಸಾಮಾನ್ಯ ಸಾರ್ಟ್ ವಿಧಾನವನ್ನು ನೆಚ್ಚಬಾರದು. ಅದು ಸಂಕೇತಗಳ ಸಂಖ್ಯಾಕ್ರಮವನ್ನು ಮಾತ್ರ ಬಲ್ಲದು. ಯೂನಿಕೋಡ್ ಪಟ್ಟಿಯಲ್ಲಿ ೞಕಾರದ ಸ್ಥಾನವು ಹಕಾರದ ನಂತರ ಮಾತ್ರವಲ್ಲ, ಸ್ವರಚಿಹ್ನೆಗಳ ಮತ್ತು ಹಲಂತಚಿಹ್ನೆಯ ನಂತರವೂ ಇದೆ. ಪರಿಣಾಮವಾಗಿ ‘ಮಳೆ’ಯು ‘ಮಾತು’ವಿಗಿಂತ ಮೊದಲು ಬಂದರೆ, ‘ಮೞೆ’ಯು ‘ಮೌನ’, ‘ಮ್ಲಾನ’ಗಳನ್ನೂ ದಾಟಿ ಮಕಾರದ ಕೊನೆಯಲ್ಲಿ ಬೀಳುತ್ತದೆ. ಕೊಲೇಟರ್ ಅದನ್ನು ಮರಳಿ ವ್ಯಂಜನಗಳ ಸಾಲಿಗೆ ತರುತ್ತದೆ. ಆದರೆ ಕೊಲೇಟರ್ ಸಮಾನವೆಂದ ಪದಗಳು ಗುಂಪಿಸುವ ಉಪಕರಣಕ್ಕೂ ಸಮಾನವಾಗಿರಬೇಕಾದರೆ, ಎರಡಕ್ಕೂ ಒಂದೇ ಕೀಲಿ-ಫಂಕ್ಷನ್ನಿನ ಫಲಿತಾಂಶವನ್ನು ಕೊಡಬೇಕು. ಮೇಲೆ ಹೇಳಿದ ಪಟ್ಟಿಯನ್ನು ಈ ರೀತಿ ಮರುರಚಿಸಿದಾಗ ‘ಕೊಡು’ವಿನ ಎರಡು ಸಾಲುಗಳು ಒಂದಾದವು, ‘ಬಾಳು’ವಿನ ಒಂದು ಸಾಲು ಎರಡಾಯಿತು.