ಕೊಡಚಾದ್ರಿ ಬೆಂಕಿ ಉಗುಳಿತ್ತೇ?

ಮಕ್ಕಳೇ, ನಿಮ್ಮ ಶಾಲೆಯ ಗೋಡೆಯನ್ನೋ ಮನೆಯ ಪಾಗಾರವನ್ನೋ ಒಮ್ಮೆ ಹತ್ತಿರದಿಂದ ನೋಡಿ. ನೀವು ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರಾದರೆ ಅದು ಜಂಬಿಟ್ಟಿಗೆ ಕಲ್ಲಿನದೇ ಆಗಿರಬಹುದು. ಕೆಂಪು ಬಣ್ಣ, ಮೈತುಂಬ ತೂತು. ಜ್ವಾಲಾಮುಖಿಯ ಪಾಠ ಓದಿದ ಮೇಲೆ ಈ ತೂತುಗಳನ್ನು ನೋಡಿದರೆ ಒಂದು ಅನುಮಾನ ಬರುತ್ತದೆ. ಲಾವಾದೊಳಗಿನ ಅನಿಲದ ಗುಳ್ಳೆಗಳು ಒಡೆದು ಹೀಗಾಯಿತೇ? ಹಾಗಾದರೆ ಚೂಪು ತಲೆಯ ಕೊಡಚಾದ್ರಿ ಒಂದು ಕಾಲಕ್ಕೆ ಜ್ವಾಲಾಮುಖಿಯಾಗಿತ್ತೇ?

ಮೊದಲು ತೂತಿನ ವಿಷಯ ಮುಗಿಸೋಣ. ಅವು ಬೆಂಕಿಯ ಕೆಲಸವಲ್ಲ, ಮಳೆಯ ಕೆಲಸ. ಬಿಸಿಲು, ಮಳೆ ಎರಡೂ ಜೋರಾಗಿರುವ ಕಡೆ ನೀರು ಬಂಡೆಯೊಳಗೆ ಇಳಿದು ಕರಗುವುದನ್ನೆಲ್ಲ ಕರಗಿಸಿ ಒಯ್ಯುತ್ತದೆ. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಲ್ಲೇ ಉಳಿಯುತ್ತವೆ. ಕಬ್ಬಿಣ ತುಕ್ಕು ಹಿಡಿದು ಕಲ್ಲು ಕೆಂಪಾಗುತ್ತದೆ. ಕರಗಿಹೋದದ್ದರ ಜಾಗವೇ ತೂತು. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ವೈದ್ಯರು 1800-1801ರಲ್ಲಿ ಮೈಸೂರು ಸೀಮೆ, ಮಲಬಾರುಗಳಲ್ಲಿ ಪ್ರವಾಸ ಮಾಡಿದರು. ಇಕ್ಕೇರಿ, ನಗರಗಳ ದಾರಿಯಲ್ಲೂ ಬಂದರು. 1807ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಕೇರಳದಲ್ಲಿ ಕಂಡ ಇಂಥ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದರ್ಥ. ನಮ್ಮ ಜಂಬಿಟ್ಟಿಗೆಯಲ್ಲೂ 'ಇಟ್ಟಿಗೆ' ಇದೆ ನೋಡಿ!

ಆದರೆ ಈ ಕೆಂಪು ಕಲ್ಲು ಮೇಲಿನ ಹೊದಿಕೆ ಮಾತ್ರ. ಅದರ ಕೆಳಗೆ ಏನಿದೆ? ಕೊಡಚಾದ್ರಿಯಿಂದ ಆಗುಂಬೆ, ಕುದುರೆಮುಖದವರೆಗಿನ ಬೆಟ್ಟಸಾಲಿನಲ್ಲಿ ಅನೇಕ ಕಡೆ ಕಪ್ಪು ಮಿಶ್ರಿತ ಹಸಿರು ಬಣ್ಣದ ಗಟ್ಟಿ ಬಂಡೆ ಸಿಗುತ್ತದೆ. ಇದು ನಿಜವಾದ ಲಾವಾ! ಹರಿದು ಬಂದಾಗ ಅದು ಹಸಿರಾಗಿರಲಿಲ್ಲ. ಆಮೇಲೆ ನೆಲದಾಳದಲ್ಲಿ ಹೂತು, ಬಿಸಿಗೂ ಒತ್ತಡಕ್ಕೂ ಸಿಕ್ಕಿದಾಗ ಕ್ಲೋರೈಟ್‌ನಂಥ ಹಸಿರು ಖನಿಜಗಳು ಅದರಲ್ಲಿ ಹುಟ್ಟಿದವು.

"ಲಾವಾ ಎಂದು ಹೇಗೆ ಹೇಳುತ್ತೀರಿ? ಯಾರು ನೋಡಿದ್ದಾರೆ?" ಎಂದು ನೀವು ಕೇಳಬೇಕು. ಉತ್ತರ ಬೇಕಾದರೆ ಮಲೆನಾಡಿನಿಂದ ಸ್ವಲ್ಪ ಹೊರಗೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿ ಭತ್ತದ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬಂಡೆಗಳಿವೆ. ಇವನ್ನು ದಿಂಬು ಲಾವಾ ಎನ್ನುತ್ತಾರೆ. ಸಮುದ್ರದ ತಳದಲ್ಲಿ ಲಾವಾ ಹೊರಬಂದಾಗ ತಣ್ಣೀರು ತಗುಲಿ, ಹಾಲಿಗೆ ಕೆನೆ ಕಟ್ಟುವಂತೆ, ಕೂಡಲೇ ಹೊರಗೊಂದು ಚರ್ಮ ಕಟ್ಟುತ್ತದೆ. ಒಳಗಿನ ರಸ ಇನ್ನೂ ಬಿಸಿ. ಅದು ಚರ್ಮವನ್ನು ಹರಿದು ಹೊರಬಂದು ಮತ್ತೊಂದು ದಿಂಬಾಗುತ್ತದೆ. ಇಂದಿಗೂ ಸಮುದ್ರದೊಳಗಿನ ಜ್ವಾಲಾಮುಖಿಗಳಲ್ಲಿ ಹೀಗೇ ಆಗುತ್ತಿದೆ. ಮುಳುಗುಗಾರರು ಅದರ ಚಲನಚಿತ್ರ ತೆಗೆದಿದ್ದಾರೆ. ಈಗ ಕಣ್ಣೆದುರು ಆಗುತ್ತಿರುವ ಆಕಾರವೇ ಹಳೆಯ ಬಂಡೆಯಲ್ಲೂ ಇದ್ದರೆ, ಅಲ್ಲೂ ಅದೇ ಆಗಿರಬೇಕು ತಾನೆ? ಇನ್ನೊಂದು ಸ್ವಾರಸ್ಯವಿದೆ. ಮೇಲಿನ ದಿಂಬು ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದಿರುವುದರಿಂದ ಅದರ ತಲೆ ದುಂಡಗೆ, ಅಡಿ ಚೂಪು. ಪದರಗಳು ಮಡಿಚಿ ತಲೆಕೆಳಗಾಗಿದ್ದರೂ ಮೇಲಿದ್ದ ಭಾಗ ಯಾವುದು ಎಂದು ಇದರಿಂದ ಹೇಳಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಚಿತ್ರದುರ್ಗಕ್ಕೆ ಪ್ರವಾಸ ಹೋದವರು ಕೋಟೆಯನ್ನಷ್ಟೇ ನೋಡಿ ಬಂದುಬಿಡುತ್ತಾರೆ. ಕೋಟೆಗಿಂತ ಕೋಟಿ ಕೋಟಿ ವರ್ಷ ಹಳೆಯದು ಪಕ್ಕದಲ್ಲೇ ಇದೆ ಎಂದು ನಿಮ್ಮ ಮೇಷ್ಟ್ರಿಗೆ ನೆನಪಿಸಿ.

ಎಷ್ಟು ಹಳೆಯದು? ಅದಕ್ಕೂ ಒಂದು ಗಡಿಯಾರವಿದೆ. ಕೆಲವು ಲಾವಾಗಳಲ್ಲಿ ಜಿರ್ಕಾನ್ ಎಂಬ ಮರಳಿನ ಕಣದಷ್ಟು ಸಣ್ಣ ಹರಳುಗಳಿರುತ್ತವೆ. ಹರಳು ಹುಟ್ಟುವಾಗ ತನ್ನೊಳಗೆ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆ ಯುರೇನಿಯಂ ಒಂದೇ ಗತಿಯಲ್ಲಿ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸ ಸೇರಿದೆ ಎಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆಯ ಹೆಸರು ಹೊತ್ತ ಬಂಡೆಪದರದಲ್ಲಿ ಇಂಥ ಲಾವಾ ಇದೆ. 1997ರಲ್ಲಿ ಪ್ರಕಟವಾದ ಲೆಕ್ಕದಂತೆ ಅದರ ವಯಸ್ಸು ಸುಮಾರು 261 ಕೋಟಿ ವರ್ಷ!

ಈ 261 ಕೋಟಿ ವರ್ಷವನ್ನು ಒಂದು ಕ್ಯಾಲೆಂಡರಿಗೆ ಇಳಿಸೋಣ. ದಾಗಿನಕಟ್ಟೆಯ ಲಾವಾ ಹೊರಬಂದದ್ದು ಜನವರಿ 1. ಆಗ ಗಿಡ, ಮೀನು, ಹಕ್ಕಿ ಯಾವುದೂ ಇರಲಿಲ್ಲ. ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪದ ಕಂಬಕಲ್ಲುಗಳೂ ಲಾವಾದವೇ. ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಅವು ಮೂಡಿದ್ದು ಡಿಸೆಂಬರ್ 19ಕ್ಕೆ. ಬೆಳಗಾವಿ, ವಿಜಯಪುರಗಳ ಕಪ್ಪು ಬಂಡೆಯ ಲಾವಾ ಹರಿದು, ಡೈನೋಸಾರ್‌ಗಳು ಅಳಿದದ್ದು ಡಿಸೆಂಬರ್ 22ಕ್ಕೆ. ನಮ್ಮಂಥ ಮನುಷ್ಯರು ಬಂದದ್ದು? ಡಿಸೆಂಬರ್ 31ರ ರಾತ್ರಿ 11 ಗಂಟೆಗೆ!

ಹಾಗಾದರೆ ಆ ಜ್ವಾಲಾಮುಖಿಗಳ ಬಾಯಿ ಎಲ್ಲಿ? ದೊಡ್ಡ ಸ್ಫೋಟವಾದಾಗ ಬೆಟ್ಟದಡಿಯ ಶಿಲಾರಸದ ಕೋಣೆ ಬರಿದಾಗುತ್ತದೆ. ಮೇಲಿನ ಚಾವಣಿ ಅದರೊಳಗೆ ಕುಸಿದು ಅಗಲವಾದ ಗುಂಡಿ ಉಳಿಯುತ್ತದೆ. ಇದಕ್ಕೆ ಕ್ಯಾಲ್ಡೆರಾ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ದೊಡ್ಡ ಕೊಪ್ಪರಿಗೆ, ನಮ್ಮ ಬಚ್ಚಲಿನ ಹಂಡೆಯಂಥದು. ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಸುಮಾರು 2 ಕಿ.ಮೀ. ಅಗಲದ ಹಂಡೆಯಿದೆ. ಅದರ ನಡುವೆ ಎದ್ದಿರುವ ಹೊಸ ಶಿಖರ 1991ರಿಂದ ಮತ್ತೆ ಆಗಾಗ ಹೊಗೆ, ಬೂದಿ ಉಗುಳುತ್ತಿದೆ. ಸುಮಾತ್ರದ ತೋಬಾ ಹಂಡೆಯಂತೂ 100 ಕಿ.ಮೀ. ಉದ್ದ! ಸುಮಾರು 74,000 ವರ್ಷಗಳ ಹಿಂದೆ ಅದು ಸಿಡಿದಾಗ ಹಾರಿದ ಬೂದಿ ಆಂಧ್ರಪ್ರದೇಶದ ಜ್ವಾಲಾಪುರದಲ್ಲೂ ಸಿಕ್ಕಿದೆ. (ಊರಿನ ಹೆಸರು ಎಷ್ಟು ಚೆನ್ನಾಗಿ ಹೊಂದಿತು!)

ನೀವೇ ಒಂದು ಹಂಡೆ ಮಾಡಬಹುದು. ಬಲೂನಿನ ಬಾಯಿಗೆ ಸಣ್ಣ ಪ್ಲಾಸ್ಟಿಕ್ ನಳಿಕೆ ಕಟ್ಟಿ ಊದಿ, ನಳಿಕೆಯನ್ನು ಬೆರಳಿನಿಂದ ಮುಚ್ಚಿ. ಬಲೂನನ್ನು ಟಬ್ಬಿನಲ್ಲಿಟ್ಟು, ನಳಿಕೆ ಹೊರಗಿರುವಂತೆ, ಎರಡು ಬೆರಳು ದಪ್ಪಕ್ಕೆ ತುಸು ಒದ್ದೆ ಮರಳು ಮುಚ್ಚಿ. ಈಗ ಬೆರಳು ತೆಗೆದು ಗಾಳಿಯನ್ನು ಮೆಲ್ಲಗೆ ಬಿಡಿ. ಮರಳು ನಡುವೆ ಕುಸಿಯುತ್ತದೆ, ಸುತ್ತ ಬಳೆಯಂತೆ ಬಿರುಕು ಬಿಡುತ್ತದೆ. ಆಮೇಲೆ ಅದರ ಮೇಲೆ ಚೊಂಬಿನಿಂದ ನೀರು ಸುರಿಯುತ್ತಾ ಇರಿ. ಹಂಡೆ ಎಲ್ಲಿ ಹೋಯಿತು?

ನಮ್ಮಲ್ಲಿ ಆದದ್ದೂ ಅದೇ. ದಾಗಿನಕಟ್ಟೆಯ ಲಾವಾ ಅಂಟಂಟಾದ ಬಗೆಯದು. ಅಂಥ ಲಾವಾ ಇರುವ ಕಡೆಯೇ ದೊಡ್ಡ ಹಂಡೆಗಳು ಹೆಚ್ಚಾಗಿ ಆಗುತ್ತವೆ. ಹಾಗಾಗಿ ಇಲ್ಲೂ ಹಂಡೆ ಇದ್ದಿರಬಹುದು. ಆದರೆ ಪದರಗಳು ಮಡಿಚಿದವು, ಮೇಲಿದ್ದದ್ದು ಸವೆದುಹೋಯಿತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಅದನ್ನು ಕಂಡವರಿಗೆ ಸವೆತದ ಶಕ್ತಿಯನ್ನು ವಿವರಿಸಬೇಕಾಗಿಲ್ಲ.

ಇನ್ನು 1,343 ಮೀಟರ್ ಎತ್ತರದ ಕೊಡಚಾದ್ರಿಯ ಚೂಪು ತಲೆ? ಅದು ಜ್ವಾಲಾಮುಖಿಯ ಶಂಕುವಲ್ಲ. ಆ ಬೆಟ್ಟದಲ್ಲಿ ಲಾವಾದ ಜೊತೆಗೆ ಕಬ್ಬಿಣದ ಅದಿರಿನ ಪದರಗಳಿವೆ. ಸುಲಭವಾಗಿ ಸವೆಯದ ಅವು ಬೆಟ್ಟಕ್ಕೆ ಕೊಡೆ ಹಿಡಿದಿವೆ. ಆ ಕಬ್ಬಿಣ ಬಂದದ್ದೆಲ್ಲಿಂದ? ಆಗಿನ ಸಮುದ್ರದ ತಳದಲ್ಲಿ ಲಾವಾದ ನಡುವಿನಿಂದ ಬಿಸಿನೀರಿನ ಬುಗ್ಗೆಗಳು ಕಬ್ಬಿಣವನ್ನು ಕರಗಿಸಿಕೊಂಡು ಏಳುತ್ತಿದ್ದವು. ಅದು ನೀರಿನಲ್ಲಿ ತಳ ಸೇರಿ ಪದರ ಪದರವಾಯಿತು. ಕೊಡಚಾದ್ರಿ ಬೆಂಕಿ ಉಗುಳಲಿಲ್ಲ. ಬೆಂಕಿ ಉಗುಳಿದ ಕಾಲದ ಬಂಡೆಗಳಿಂದ ಅದು ಆಗಿದೆ. ಇಲ್ಲಿ ಮತ್ತೆ ಜ್ವಾಲಾಮುಖಿ ಏಳುತ್ತದೆಂದು ಹೆದರಬೇಡಿ. ಅದಕ್ಕೆ ಬೇಕಾದ ಶಿಲಾರಸ ಈಗ ಕೆಳಗಿಲ್ಲ.

ನಿಮ್ಮೂರಲ್ಲಿ ಹೊಸದಾಗಿ ಬಾವಿ ತೋಡುತ್ತಿದ್ದರೆ, ರಸ್ತೆಗೆ ಗುಡ್ಡ ಕಡಿಯುತ್ತಿದ್ದರೆ, ದೊಡ್ಡವರೊಬ್ಬರ ಜೊತೆ ಹೋಗಿ ದೂರದಿಂದ ನೋಡಿ. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಮೆತ್ತನೆಯ ಜೇಡಿ, ತೀರ ಕೆಳಗೆ ಮೂಲ ಬಂಡೆ. ಹೊರಗೆ ಎತ್ತಿ ಹಾಕಿದ ಚೂರಿನಲ್ಲಿ ಬಿಳಿ, ಬೂದು ಪಟ್ಟೆಗಳಿದ್ದರೆ ಅದು ನೈಸ್ ಎಂಬ ಬೇರೆ ಬಗೆಯ ಕಲ್ಲು. ಹಸಿರುಗಪ್ಪಾಗಿದ್ದು ಭಾರವಾಗಿದ್ದರೆ ನಿಮ್ಮ ಕೈಯಲ್ಲಿರುವುದು ಬಹುಶಃ ಆ ಹಳೆಯ ಲಾವಾ. ಆಗ ಅದರ ಮೇಲಿನ ಜಂಬಿಟ್ಟಿಗೆಯ ಕೆಂಪು ಕೂಡ ಅದೇ ಲಾವಾದ ಕಬ್ಬಿಣ.