ಕಾಫಿ ಕಣದಲ್ಲಿ ಸ್ಯಾಕ್ಸೋಫೋನ್

ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಳಸದ ರಸ್ತೆಗೆ ಹೊರಳಿದ ವ್ಯಾನು ಬಾಳೂರು ಮುಟ್ಟುವ ಹೊತ್ತಿಗೆ ಬಿಸಿಲಿನ್ನೂ ಸಿಲ್ವರ್ ಮರಗಳ ತುದಿಯಲ್ಲೇ ಇರುತ್ತದೆ. ಏಪ್ರಿಲ್ ತಿಂಗಳು. ಹಿಂದಿನ ಸಂಜೆ ಗುಡುಗಿ ಸುರಿದ ಮಳೆಗೆ ತೋಟದ ದರಗೆಲ್ಲ ನೆನೆದು ವಾಸನೆ ಎದ್ದಿದೆ. ಕಾಫಿ ಒಣಗಿ, ಚೀಲ ತುಂಬಿ, ಕ್ಯೂರಿಂಗಿಗೆ ಹೋಗಿಯಾಗಿದೆ. ಖಾಲಿಯಾದ ಸಿಮೆಂಟ್ ಕಣದ ಮೇಲೆ ಈಗ ಶಾಮಿಯಾನ ಎದ್ದಿದೆ, ಕಂಬಗಳಿಗೆ ಬಾಳೆ, ಮಾವಿನ ತೋರಣ. ಮದುವೆ ಮನೆ. ವ್ಯಾನಿನಿಂದ ಇಳಿಯುವವರು ಕರಾವಳಿಯ ವಾದ್ಯದವರು: ಸ್ಯಾಕ್ಸೋಫೋನಿಗೆ ಇಬ್ಬರು, ಡೋಲಿಗೆ ಒಬ್ಬರು, ತಾಳ ಹಾಕಲು ಒಬ್ಬ ಹುಡುಗ.

ಈ ಸೀಮೆಯ ಮದುವೆಗೂ ತೇರಿಗೂ ಸ್ಯಾಕ್ಸೋಫೋನ್ ಈಗ ಹೊರಗಿನದಲ್ಲ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ ನಮ್ಮ ಕಿವಿಗೆ ಒಗ್ಗಿದ್ದು ಕದ್ರಿ ಗೋಪಾಲನಾಥರಿಂದ. ಅವರು ಹುಟ್ಟಿದ್ದು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ, 1949ರಲ್ಲಿ; ತಂದೆ ತನಿಯಪ್ಪನವರು ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತ ಗೋಪಾಲನಾಥರು ಅದರಲ್ಲಿ ಸ್ವರವನ್ನು ಓಲಾಡಿಸುವ ಗಮಕ ಹೊರಡಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. ಕೀಲಿಗಳನ್ನೇ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಛೇರಿಯವರೆಗೆ ಅದನ್ನು ಕೊಂಡೊಯ್ದರು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರೂ ಅವರು ತೆರೆದ ದಾರಿಯಲ್ಲಿ ಕರಾವಳಿಯ ಎಷ್ಟೋ ಮನೆಗಳು ಊದುತ್ತಾ ಬದುಕುತ್ತಿವೆ. ಗಮಕಕ್ಕಾಗಿ ವಾದ್ಯವನ್ನೇ ಬದಲಿಸಿದ ಪರಂಪರೆ ಇದು. ಈಗ ವಾದ್ಯದ ಪಕ್ಕದಲ್ಲಿ ಕೂರುವ, ಅದರ ಸದ್ದನ್ನು ಮಾರ್ಪಡಿಸುವ ಎಫೆಕ್ಟ್ ಪೆಟ್ಟಿಗೆಯನ್ನೂ ಗಮಕವೇ ಆರಿಸಬೇಕೆಂಬುದು ನನ್ನ ಗಟ್ಟಿ ನಂಬಿಕೆ.

ಕಣದ ಅಂಚಿನ ಜಮಖಾನದ ಮೇಲೆ ಹಿರಿಯ ವಾದಕರು ಚೀಲ ಬಿಚ್ಚುತ್ತಾರೆ. ರೀಡನ್ನು ಬಾಯಲ್ಲಿಟ್ಟು ನೆನೆಸುತ್ತಲೇ ಒಂದೊಂದನ್ನೂ ಹೊರತೆಗೆಯುತ್ತಾರೆ: ವಾದ್ಯದ ಬಾಯಿಗೆ ಕಚ್ಚಿಸುವ ಪುಟ್ಟ ಮೈಕು, ಅಂಗೈಯಗಲದ ಪ್ರೀಆಂಪ್, ಕಾಲಿನಡಿ ಇಡುವ ರಿವರ್ಬ್ ಪೆಡಲ್, ಶ್ರುತಿಪೆಟ್ಟಿಗೆ. ಮೈಕಿನ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ. ಮಲೆನಾಡಿನ ತೇವ ಕಂಡೆನ್ಸರ್ ಮೈಕಿನೊಳಗೆ ಇಳಿದರೆ ಮುಹೂರ್ತದ ಹೊತ್ತಿಗೇ ಚಟಪಟ ಶುರುವಾಗುತ್ತದೆ.

ಶಾಮಿಯಾನದ ಕೆಳಗೆ ಗೋಡೆಯಿಲ್ಲ. ದೇವಸ್ಥಾನದ ಕಲ್ಲಿನ ಪ್ರಾಕಾರದಲ್ಲಿ ನಾದ ಸುತ್ತಿ ಬಂದು ತುಂಬಿಕೊಳ್ಳುತ್ತದೆ. ಇಲ್ಲಿ ಊದಿದ್ದು ಊದಿದ ಹಾಗೇ ತೋಟದೊಳಗೆ ಹೋಗಿಬಿಡುತ್ತದೆ. ಒಣ ಸ್ವರ ಒಣದಾಗಿಯೇ ಉಳಿಯುತ್ತದೆ. ಬಯಲಿನಲ್ಲಿ ನುಡಿಸುವವರಿಗೆ ರಿವರ್ಬ್ ಬೇಕಾಗುವುದು ಇದಕ್ಕೆ, ಅಲಂಕಾರಕ್ಕಲ್ಲ. ಆದರೆ ಎಷ್ಟು?

"ಎಕೋ ಇನ್ನೂ ಸ್ವಲ್ಪ ಹಾಕ್ಲಾ ಅಣ್ಣ?" ಮೈಕ್ ಸೆಟ್ಟಿನ ಹುಡುಗ ಕೇಳುತ್ತಾನೆ. ಬಾಳೂರಿನ ಕಡೆಯವನೇ, ಉತ್ಸಾಹ ಜಾಸ್ತಿ.

"ಬೇಡ ಮಾರಾಯ, ನನ್ನತ್ರ ಉಂಟು. ನಿನ್ನ ಮಿಕ್ಸರಲ್ಲಿ ಪೂರ್ತಿ ತೆಗಿ."

ಆ ಮಾತಿನಲ್ಲಿ ಅನುಭವವಿದೆ. ಎರಡು ಕಡೆ ಎಕೋ ಬಿದ್ದರೆ ಬಿರುಸಿನ ಕಲ್ಪನಾಸ್ವರದಲ್ಲಿ ಹಿಂದಿನ ಸ್ವರ ಮುಂದಿನದರ ಮೇಲೆ ಬೀಳುತ್ತದೆ. ಊದಿದ ಸ್ವರವನ್ನು ತಡವಾಗಿ ಮರುಕಳಿಸುವ ಡಿಲೇಯನ್ನು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಇಟ್ಟರೂ ಸಾಕು, ಗಮಕದ ಓಲಾಟ ಕಲಸಿಹೋಗುತ್ತದೆ. ನಿಧಾನವಾದ ಸಿನಿಮಾ ಹಾಡಿಗೆ ಡಿಲೇ ಚೆಂದ, ಆಲಾಪನೆಗೆ ಅಲ್ಲ.

ಸ್ಯಾಕ್ಸೋಫೋನಿಗೆ ವಿದ್ಯುತ್ತಿನ ಬೆಂಬಲ ಕೊಡುವ ಯೋಚನೆ ಹೊಸದೇನಲ್ಲ. ಸೆಲ್ಮರ್ ಕಂಪನಿ 1960ರ ದಶಕದಲ್ಲೇ ವ್ಯಾರಿಟೋನ್ ಎಂಬ ಸಾಧನ ತಂದು, ಊದಿದ ಸ್ವರದ ಕೆಳಗೆ ಮಂದ್ರದ ಸ್ವರವನ್ನೂ ಸೇರಿಸಿತ್ತು; ಅಮೆರಿಕದ ಜಾಝ್ ವಾದಕ ಎಡ್ಡಿ ಹ್ಯಾರಿಸ್ ಅದನ್ನು ಮೆರೆಸಿದರು. ಇಂದು ಆ ಕೆಲಸದ ಜೊತೆಗೆ ಹತ್ತಾರು ಕೆಲಸಗಳನ್ನು ಪುಸ್ತಕದಷ್ಟಗಲದ ಒಂದೇ ಪೆಟ್ಟಿಗೆ ಮಾಡುತ್ತದೆ. ಜೂಮ್ ಕಂಪನಿಯ ಎ1 ಫೋರ್ ಅಂಥದ್ದು: ನಾಲ್ಕು ಎಎ ಸೆಲ್ ಹಾಕಿದರೆ ನಡೆಯುತ್ತದೆ, ಮೈಕಿಗೆ ಬೇಕಾದ ಅಡಾಪ್ಟರೂ ಜೊತೆಗೆ ಬರುತ್ತದೆ. ಗಿಟಾರಿಗೆಂದು ಮಾಡಿದ ಪೆಡಲ್‌ಗಳಲ್ಲಿ ಮೈಕು ಜೋಡಿಸುವ ಈ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ. ಕಂಡೆನ್ಸರ್ ಮೈಕಿಗಾದರೆ ಸಾಮಾನ್ಯವಾಗಿ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಅದನ್ನು ಕೊಡುವ ಪ್ರೀಆಂಪ್ ನಡುವೆ ಇಲ್ಲದಿದ್ದರೆ ಎಷ್ಟು ದುಬಾರಿ ಪೆಡಲ್ ತಂದರೂ ಸದ್ದು ಬರುವುದಿಲ್ಲ. ಫ್ಯಾಂಟಮ್ ಪವರ್ ಎಲ್ಲಿಂದ ಬರುತ್ತದೆ ಎಂಬುದೇ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ.

ಇನ್ನು ಹಾರ್ಮೊನೈಸರ್. ಒಬ್ಬರು ಊದಿದರೆ ಮೂವರು ಊದಿದಂತೆ ಕೇಳಿಸುವ ಈ ಸೌಕರ್ಯಕ್ಕೆ ಎಳೆಯ ವಾದಕರು ಬೇಗ ಮರುಳಾಗುತ್ತಾರೆ. ಮೋಹನ ರಾಗವನ್ನೇ ತೆಗೆದುಕೊಳ್ಳಿ. ಅದರಲ್ಲಿ ಮಧ್ಯಮ, ನಿಷಾದ ಎರಡೂ ಇಲ್ಲ. ಮೇಜರ್ ಸ್ಕೇಲಿಗೆ ಹೊಂದಿಸಿದ ಪೆಟ್ಟಿಗೆ ಊದಿದ ಸ್ವರದಿಂದ ಮೂರನೆಯದನ್ನು ತಾನಾಗಿ ಸೇರಿಸುತ್ತಾ ಹೋದರೆ ರಿಷಭಕ್ಕೆ ಮಧ್ಯಮ ಬರುತ್ತದೆ, ಪಂಚಮಕ್ಕೆ ನಿಷಾದ ಬರುತ್ತದೆ. ಮೋಹನ ಅಲ್ಲೇ ಮುಗಿಯಿತು. ತೋಡಿಯ ಗಾಂಧಾರವನ್ನು ತೂಗಿದರಂತೂ ಅದು ಯಾವ ಸ್ವರವೆಂದು ಪೆಟ್ಟಿಗೆಗೇ ತಿಳಿಯದೆ ತಡವರಿಸುತ್ತದೆ. ದೇವರ ಮುಂದೆ, ಧಾರೆಯ ಮುಂದೆ ನುಡಿಸುವ ರಾಗಕ್ಕೆ ಇದು ಸಲ್ಲದು. ರಾತ್ರಿಯ ಆರ್ಕೆಸ್ಟ್ರಾಕ್ಕೆ ಬೇಕಿದ್ದರೆ ಇರಲಿ.

ಅದಕ್ಕಿಂತ ಎಷ್ಟೋ ಉಪಕಾರಿ, ಕೆಳಗಿನ ಸದ್ದನ್ನು ಕತ್ತರಿಸುವ ಒಂದು ಸಣ್ಣ ಗುಂಡಿ. ಆಲ್ಟೊ ಸ್ಯಾಕ್ಸೋಫೋನಿನ ಅತಿ ಕೆಳಗಿನ ಸ್ವರ ಸುಮಾರು 139 ಹರ್ಟ್ಸ್. 100 ಹರ್ಟ್ಸಿನ ಕೆಳಗಿನದನ್ನೆಲ್ಲ ತೆಗೆದುಹಾಕಿದರೆ ವಾದ್ಯಕ್ಕೆ ನಷ್ಟವಿಲ್ಲ. ಮನೆ ಹಿಂದಿನ ಜನರೇಟರಿನ ಗುಂಯ್‌ಗುಡುವಿಕೆ, ಗಾಳಿಯ ಬಡಿತ, ಡೋಲಿನ ಅದುರು ಎಲ್ಲ ಕಡಿಮೆಯಾಗುತ್ತದೆ. ಮೈಕು ಕೂಗುವುದೂ ತಗ್ಗುತ್ತದೆ.

ದಿಬ್ಬಣ ಬಂತು. ಕಾಫಿ ಗಿಡಗಳ ನಡುವಿನ ಮಣ್ಣು ರಸ್ತೆಯಲ್ಲಿ ಪಂಚೆ, ಸೀರೆಗಳ ಸಾಲು. ವಾದಕರು ವಯರ್ ಕಳಚಿ, ವೈರ್‌ಲೆಸ್ ಸಿಕ್ಕಿಸಿಕೊಂಡು ಎದುರುಗೊಳ್ಳಲು ಹೊರಡುತ್ತಾರೆ. ಊದುತ್ತಾ ಇಳಿಜಾರಿನಲ್ಲಿ ನಡೆಯುವಾಗ ಎದುರಿನ ಗುಡ್ಡದಿಂದ ಸ್ವರ ತಿರುಗಿ ಬರುತ್ತದೆ. ಗುಡ್ಡ 170 ಮೀಟರ್ ದೂರವಿದ್ದರೆ ಒಂದು ಸೆಕೆಂಡಿಗೆ ಮರುದನಿ. ಹಿರಿಯರು ಆ ಬಿಡುವನ್ನು ತಿಳಿದು, ಪಲ್ಲವಿಯ ಕೊನೆಯಲ್ಲಿ ಉಸಿರು ನಿಲ್ಲಿಸಿ ಗುಡ್ಡಕ್ಕೂ ಒಂದು ಅವಕಾಶ ಕೊಡುತ್ತಾರೆ. ಮಕ್ಕಳು ತಿರುಗಿ ಗುಡ್ಡದ ಕಡೆ ನೋಡುತ್ತಾರೆ.

ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಮಲೆನಾಡಿನಲ್ಲಿ ಗಾಳಿಗೆ ಒಂದು ಕೊಂಬೆ ಮುರಿದರೂ ಸಾಕು. ಜನರೇಟರ್ ಹಿಡಿಯುವಷ್ಟರಲ್ಲಿ ಸಭೆಯ ದೀಪ, ಫ್ಯಾನು ನಿಂತವು. ವಾದಕರ ಪೆಡಲಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು, ಪಕ್ಕದ ಬ್ಯಾಟರಿ ಸ್ಪೀಕರಿನಿಂದ ಆನಂದಭೈರವಿ ಬರುತ್ತಲೇ ಇತ್ತು. ಪುರೋಹಿತರು ಕೈ ಎತ್ತಿದರು. ಕಾಲಿನ ಒಂದು ಒತ್ತಿಗೆ ರಿವರ್ಬ್ ಬಂದ್, ಮರುಕ್ಷಣ ಗಟ್ಟಿಮೇಳ. ಡೋಲು, ಸ್ಯಾಕ್ಸೋಫೋನ್ ಎರಡೂ ಒಣದಾಗಿ, ಖಡಕ್ಕಾಗಿ ಅಪ್ಪಳಿಸಿದವು. ಕಾಲಿನಲ್ಲೇ ನಿಲ್ಲಿಸಬಹುದಾದ ಪೆಡಲ್ ಯಾಕೆ ಬೇಕೆಂದು ತಿಳಿಯಲು ಈ ಒಂದು ಕ್ಷಣ ನೋಡಿದರೆ ಸಾಕು. ಮೊಬೈಲಿನ ಆ್ಯಪ್ ತೆರೆದು ಬೆರಳಿನಲ್ಲಿ ಹುಡುಕುತ್ತಿದ್ದರೆ ಮಾಂಗಲ್ಯಧಾರಣೆ ಕಾಯುವುದಿಲ್ಲ.

ಕೊಳ್ಳುವವರಿಗೆ ನನ್ನದೊಂದು ಮಾತು: ಹಣದ ದೊಡ್ಡ ಪಾಲು ಮೈಕಿಗೆ ಹಾಕಿ, ಉಳಿದದ್ದರಲ್ಲಿ ಬ್ಯಾಟರಿಯಲ್ಲಿ ನಡೆಯುವ ಒಳ್ಳೆಯ ರಿವರ್ಬ್ ಒಂದನ್ನು ತನ್ನಿ. ಅಂಗಡಿಯ ಮುಚ್ಚಿದ ಕೋಣೆಯಲ್ಲಿ ಕೇಳಿ ಒಪ್ಪಬೇಡಿ, ಬಯಲಿಗೆ ತಂದು ತೋಡಿ ನುಡಿಸಿ ನೋಡಿ. ಮದುವೆ ಮನೆಯವರೂ ವಾದ್ಯದವರಿಗೆ ಗ್ರೈಂಡರಿನ ಲೈನಿನಿಂದ ಬೇರೆಯಾದ ಒಂದು ಪ್ಲಗ್ ಪಾಯಿಂಟ್ ಬಿಟ್ಟುಕೊಡಿ.